ಅಮ್ಮನ ಮರೆವಿನ ಕಾಯಿಲೆ ಕೊನೆಯ ಹಂತಕ್ಕೆ ಬಂದಿದೆ: ಹಾಸ್ಪೈಸ್ ಆರೈಕೆ ಎಂದರೆ ಮನೆಯಲ್ಲಿ ನಿಜಕ್ಕೂ ಏನು ನಡೆಯುತ್ತದೆ?

ಧಾರವಾಡದ ಮಗಳು

ನಮ್ಮ ತಾಯಿಗೆ ಈಗ 81 ವರ್ಷ. ಆಲ್ಜೈಮರ್ಸ್ ಎಂದು ಗೊತ್ತಾಗಿ ಒಂಬತ್ತು ವರ್ಷಗಳಾದವು. ಕಳೆದ ದೀಪಾವಳಿಯವರೆಗೂ ಕೈ ಹಿಡಿದು ನಡೆಸಿದರೆ ಪಡಸಾಲೆಗೆ ಬಂದು ಕೂರುತ್ತಿದ್ದರು. ಈಗ ಹಾಸಿಗೆ ಹಿಡಿದಿದ್ದಾರೆ. ಮಾತು ದಿನಕ್ಕೆ ಒಂದೆರಡು ಶಬ್ದಕ್ಕೆ ಇಳಿದಿದೆ, ಅದೂ ಎಲ್ಲ ದಿನ ಇಲ್ಲ. ಮೂರು ತಿಂಗಳಲ್ಲಿ ಎರಡು ಬಾರಿ ಎದೆಯ ಸೋಂಕಿಗಾಗಿ ಆಸ್ಪತ್ರೆಗೆ ಸೇರಿಸಿದೆವು. ಎರಡನೆಯ ಬಾರಿ ನಾಲ್ಕು ದಿನ ಐಸಿಯುವಿನಲ್ಲಿ ಇಟ್ಟರು. ಡ್ರಿಪ್ಪಿನ ಸೂಜಿ ಕಿತ್ತುಕೊಳ್ಳುತ್ತಾರೆಂದು ಅವರ ಎರಡೂ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು, ಮತ್ತು ನಮ್ಮನ್ನು ದಿನಕ್ಕೆ ಹತ್ತು ನಿಮಿಷ ಮಾತ್ರ ಒಳಗೆ ಬಿಡುತ್ತಿದ್ದರು. ಮನೆಗೆ ಕಳುಹಿಸುವಾಗ ಹಿರಿಯ ವೈದ್ಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಮುಂದಿನ ಸಲ ಇಲ್ಲಿಗೆ ಕರೆತರುವ ಮೊದಲು ಹಾಸ್ಪೈಸ್ ರೀತಿಯ ಆರೈಕೆಯ ಬಗ್ಗೆ ಯೋಚಿಸಿ ಎಂದರು. ಅದಕ್ಕಿಂತ ಹೆಚ್ಚು ವಿವರಿಸಲು ಅವರಿಗೆ ಸಮಯವಿರಲಿಲ್ಲ.

ನನ್ನ ತಮ್ಮ ನ್ಯೂಜೆರ್ಸಿಯಲ್ಲಿದ್ದಾನೆ. ಅಲ್ಲಿ ಹಾಸ್ಪೈಸ್ ಎನ್ನುವುದು ಎಲ್ಲರಿಗೂ ತಿಳಿದ ವ್ಯವಸ್ಥೆಯಂತೆ. ಇಲ್ಲಿ ನನ್ನ ಚಿಕ್ಕಪ್ಪನವರಿಗೆ ಆ ಪದ ಹೇಳಿದರೆ, ಅಮ್ಮನನ್ನು ಕೈಬಿಡುವುದಕ್ಕೆ ಇದೊಂದು ಹೊಸ ಹೆಸರೇ ಎಂದು ಕೇಳಿದರು. ನನಗೆ ತಿಳಿಯಬೇಕಾದದ್ದು ಇಷ್ಟು: ಈ ಆರೈಕೆಯಲ್ಲಿ ಯಾರು ಬರುತ್ತಾರೆ, ಏನು ಮಾಡುತ್ತಾರೆ, ಏನು ಮಾಡುವುದಿಲ್ಲ? ಇನ್ನು ಎಷ್ಟು ದಿನ ಎಂದು ಹೇಳಲು ಸಾಧ್ಯವೇ? ತಮ್ಮ ಯಾವಾಗ ಹೊರಟು ಬರಬೇಕು ಎಂದು ಪ್ರತಿ ಭಾನುವಾರ ಕೇಳುತ್ತಾನೆ, ನನ್ನ ಬಳಿ ಉತ್ತರವಿಲ್ಲ.

ನಿವೃತ್ತ ಶುಶ್ರೂಷಕಿ, ಬೆಂಗಳೂರು

ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಉಪಶಾಮಕ ಆರೈಕೆಯಲ್ಲಿ, ಅಂದರೆ ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆಯಲ್ಲಿ, ಕೆಲಸ ಮಾಡಿದ್ದೇನೆ. ಕಾಯಿಲೆ ಗುಣಪಡಿಸಲು ಹೋಗದೆ ಬದುಕಿನ ಕೊನೆಯ ಹಂತದಲ್ಲಿ ಕೊಡುವ ಇಂತಹ ಆರೈಕೆಯೇ ಹಾಸ್ಪೈಸ್. ಮೊದಲು ಕ್ಯಾನ್ಸರ್ ರೋಗಿಗಳೊಂದಿಗೆ, ಕೊನೆಯ ಎಂಟು ವರ್ಷ ಹೆಚ್ಚಾಗಿ ಮರೆವಿನ ಕಾಯಿಲೆಯ ಮನೆಗಳಲ್ಲಿ. ಆದ್ದರಿಂದ ನಿಮ್ಮ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ನಮ್ಮಲ್ಲಿ ಹಾಸ್ಪೈಸ್ ಎಂದೊಡನೆ ಜನರಿಗೆ ನೆನಪಾಗುವುದು ಕ್ಯಾನ್ಸರ್. ಬೆಂಗಳೂರಿನ ಕರುಣಾಶ್ರಯ 1999ರಿಂದ ಉಚಿತವಾಗಿ ನಡೆಸಿಕೊಂಡು ಬಂದಿರುವ ಹಾಸ್ಪೈಸ್ ಕೂಡ ಮುಂದುವರಿದ ಕ್ಯಾನ್ಸರ್ ಇರುವವರಿಗೆಂದೇ ಆರಂಭವಾದದ್ದು. ಕ್ಯಾನ್ಸರಿನಲ್ಲಿ ಇಳಿತದ ದಾರಿ ಸಾಮಾನ್ಯವಾಗಿ ಕಣ್ಣಿಗೆ ಕಾಣುತ್ತದೆ. ಕೊನೆಯ ಕೆಲವು ವಾರಗಳು ಬಂದಿವೆ ಎಂದು ಅನುಭವವಿದ್ದವರು ಹೇಳಬಲ್ಲರು. ಡಿಮೆನ್ಷಿಯಾದಲ್ಲಿ, ಅಂದರೆ ಮರೆವಿನ ಕಾಯಿಲೆಯಲ್ಲಿ, ಹಾಗಲ್ಲ. ಒಂದು ಸೋಂಕು ಬಂದು ಇನ್ನೇನು ಮುಗಿಯಿತು ಎನ್ನುವಷ್ಟು ಕೆಳಗಿಳಿಸುತ್ತದೆ, ಮತ್ತೆ ಅರ್ಧ ಮೇಲೆ ಏರುತ್ತಾರೆ, ತಿಂಗಳುಗಟ್ಟಲೆ ಅಲ್ಲೇ ನಿಲ್ಲುತ್ತಾರೆ. ಈ ಏರಿಳಿತಕ್ಕೆ ಮನಸ್ಸನ್ನು ಸಿದ್ಧಪಡಿಸಿಕೊಳ್ಳುವುದೇ ಮನೆಯವರ ಮೊದಲ ಕಷ್ಟದ ಕೆಲಸ. ಅಮೆರಿಕದ ಬಾಸ್ಟನ್ ಸುತ್ತಮುತ್ತಲ ಆರೈಕೆ ಕೇಂದ್ರಗಳಲ್ಲಿದ್ದ, ಕೊನೆಯ ಹಂತ ತಲುಪಿದ 323 ಮಂದಿಯನ್ನು ಹದಿನೆಂಟು ತಿಂಗಳು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆ ಅವಧಿಯಲ್ಲಿ ತೀರಿಕೊಂಡರು. ನೂರಕ್ಕೆ ಸುಮಾರು 86 ಮಂದಿಗೆ ಊಟ ಮಾಡುವ ತೊಂದರೆ, 41 ಮಂದಿಗೆ ನ್ಯುಮೋನಿಯಾ ಕಾಣಿಸಿಕೊಂಡಿತ್ತು. ಅದೇ ಅಧ್ಯಯನದ ಇನ್ನೊಂದು ಮಾತನ್ನು ನಾನು ಪ್ರತಿ ಮನೆಯಲ್ಲೂ ಹೇಳುತ್ತಿದ್ದೆ: ಮುಂದೆ ಏನಾಗಲಿದೆ ಎಂಬುದು ಮನೆಯವರಿಗೆ ತಿಳಿದಿದ್ದ ಕಡೆಗಳಲ್ಲಿ, ರೋಗಿಯು ಕೊನೆಯ ದಿನಗಳಲ್ಲಿ ಸೂಜಿ, ನಳಿಕೆ, ಆಸ್ಪತ್ರೆಯ ಓಡಾಟಗಳಿಗೆ ಗುರಿಯಾದದ್ದು ಬಹಳ ಕಡಿಮೆ.

ಯಾರು ಬರುತ್ತಾರೆ ಎಂದು ಕೇಳಿದಿರಿ. ತಂಡ ಚೆನ್ನಾಗಿದ್ದರೆ ವಾರಕ್ಕೆ ಒಂದೆರಡು ಬಾರಿ ಶುಶ್ರೂಷಕಿ, ಅಗತ್ಯವಿದ್ದಾಗ ವೈದ್ಯರು, ಕೆಲವು ಕಡೆ ಆಪ್ತ ಸಮಾಲೋಚಕರು ಬರುತ್ತಾರೆ, ಮತ್ತು ರಾತ್ರಿಯಲ್ಲೂ ಎತ್ತಿಕೊಳ್ಳುವ ಒಂದು ಫೋನ್ ಸಂಖ್ಯೆ ಇರುತ್ತದೆ. ಉಳಿದ ಸಮಯವೆಲ್ಲ ನಿಮ್ಮದೇ. ಇದನ್ನು ಮುಚ್ಚಿಡುವುದು ಸರಿಯಲ್ಲ. ತಂಡ ಬರುವ ಎರಡು ಗಂಟೆ ಬಿಟ್ಟರೆ ಮಗ್ಗಲು ಬದಲಿಸುವುದು, ಉಣಿಸುವುದು, ಬಟ್ಟೆ ಬದಲಿಸುವುದು ಎಲ್ಲವೂ ಮನೆಯವರ ಅಥವಾ ನೀವು ಇಟ್ಟುಕೊಂಡ ಸಹಾಯಕಿಯ ಕೈಯಲ್ಲೇ ಆಗಬೇಕು. ಕೈಬಿಡುವುದು ಎಂದ ನಿಮ್ಮ ಚಿಕ್ಕಪ್ಪನವರನ್ನು ಒಂದು ದಿನ ಬೆಳಗಿನಿಂದ ರಾತ್ರಿಯವರೆಗೆ ಅಮ್ಮನ ಪಕ್ಕದಲ್ಲಿ ಕೂರಿಸಿಕೊಳ್ಳಿ. ಈ ಆರೈಕೆಯಲ್ಲಿ ಮಾಡುವ ಕೆಲಸ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ತಂಡವು ಮೊದಲ ಭೇಟಿಯಲ್ಲಿ ಸಾಮಾನ್ಯವಾಗಿ ಔಷಧಿಗಳ ಡಬ್ಬಿಯನ್ನು ಕೇಳುತ್ತದೆ. ಕೊಲೆಸ್ಟರಾಲ್ ಮಾತ್ರೆಯಂತಹ, ಹತ್ತು ವರ್ಷದ ನಂತರದ ಲಾಭಕ್ಕಾಗಿ ಕೊಡುವ ಔಷಧಿಗಳನ್ನು ನಿಲ್ಲಿಸುತ್ತಾರೆ, ಸಕ್ಕರೆ ಕಾಯಿಲೆಯ ಬಿಗಿ ನಿಯಂತ್ರಣವನ್ನು ಸಡಿಲಿಸುತ್ತಾರೆ, ನೆನಪಿನ ಮಾತ್ರೆಯಿಂದ ಇನ್ನೂ ಉಪಯೋಗವಿದೆಯೇ ಎಂದು ಪರಿಶೀಲಿಸುತ್ತಾರೆ. ಅದರ ಬದಲು ನೋವಿಗೆ, ಮಲಬದ್ಧತೆಗೆ, ಉಸಿರಿನ ಕಷ್ಟಕ್ಕೆ, ತಳಮಳಕ್ಕೆ ಬೇಕಾದ ಔಷಧಿಗಳು ಬರುತ್ತವೆ.

ನೋವಿನ ಬಗ್ಗೆ ವಿಶೇಷವಾಗಿ ಹೇಳಬೇಕು. ಮಾತು ನಿಂತವರಿಗೆ ನೋವೂ ನಿಂತಿದೆ ಎಂದು ಮನೆಯವರಷ್ಟೇ ಅಲ್ಲ, ಕೆಲವು ವೈದ್ಯರೂ ಭಾವಿಸುತ್ತಾರೆ. ಮಾತನಾಡಲಾಗದ ರೋಗಿಯ ನೋವನ್ನು ಅಳೆಯಲು ನಾವು ಐದು ಸಂಗತಿಗಳನ್ನು ನೋಡುತ್ತೇವೆ: ಉಸಿರಾಟ, ನರಳುವಿಕೆ, ಮುಖದ ಬಿಗಿತ, ದೇಹದ ಬಿಗಿತ, ಸಮಾಧಾನಪಡಿಸಿದರೆ ಶಾಂತವಾಗುತ್ತಾರೆಯೇ ಎಂಬುದು. ಪ್ರತಿಯೊಂದಕ್ಕೂ 0ಯಿಂದ 2 ಅಂಕ, ಒಟ್ಟು 10. ಮಗ್ಗಲು ಬದಲಿಸುವಾಗ ಮಾತ್ರ ಹುಬ್ಬು ಗಂಟಿಕ್ಕುತ್ತಿದ್ದರೆ, ಬಟ್ಟೆ ಬದಲಿಸುವಾಗ ಕೈ ಬೀಸಿ ಹೊಡೆಯುತ್ತಿದ್ದರೆ, ಅದನ್ನು ಹಠವೆಂದು ತಿಳಿಯಬೇಡಿ. ಬಿಗಿದುಕೊಂಡ ಕೀಲುಗಳ ನೋವು ಅದಾಗಿರಬಹುದು. ಎಷ್ಟೋ ಮನೆಗಳಲ್ಲಿ ಸಿಟ್ಟಿನ ಸ್ವಭಾವ ಎಂದು ನಿದ್ದೆಯ ಔಷಧಿ ಕೊಡುತ್ತಿದ್ದವರು, ಹೊತ್ತು ಹೊತ್ತಿಗೆ ಪ್ಯಾರಾಸಿಟಮಾಲ್ ಕೊಡಲಾರಂಭಿಸಿದ ಮೇಲೆ ಶಾಂತವಾದದ್ದನ್ನು ಕಂಡಿದ್ದೇನೆ.

ಎಡಿಸನ್, ನ್ಯೂಜೆರ್ಸಿ

ನಿಮ್ಮ ತಮ್ಮ ಹೇಳಿದ್ದು ನಿಜ, ಆದರೆ ಇಲ್ಲಿನ ವ್ಯವಸ್ಥೆಗೂ ಮಿತಿಗಳಿವೆ. ನನ್ನ ಅತ್ತೆಯವರು ಇಲ್ಲಿ ನಮ್ಮ ಮನೆಯಲ್ಲೇ ಹದಿನಾಲ್ಕು ತಿಂಗಳು ಹಾಸ್ಪೈಸ್ ಆರೈಕೆಯಲ್ಲಿದ್ದರು.

ಇಲ್ಲಿ ಹಿರಿಯರಿಗಾಗಿ ಸರ್ಕಾರ ನಡೆಸುವ ಮೆಡಿಕೇರ್ ವಿಮೆಯು ಹಾಸ್ಪೈಸ್ ವೆಚ್ಚ ಭರಿಸಬೇಕಾದರೆ, ಕಾಯಿಲೆ ಸಹಜವಾಗಿ ಮುಂದುವರಿದರೆ ಆರು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಆಯುಸ್ಸು ಎಂದು ವೈದ್ಯರು ದೃಢೀಕರಿಸಬೇಕು. ಡಿಮೆನ್ಷಿಯಾದಲ್ಲಿ ಅದಕ್ಕೊಂದು ಏಳು ಮೆಟ್ಟಿಲುಗಳ ಅಳತೆಯಿದೆ. ಕೊನೆಯ ಮೆಟ್ಟಿಲಿನಲ್ಲೂ ಒಳಹಂತಗಳಿವೆ: ಮೊದಲು ಮಾತು ದಿನಕ್ಕೆ ಐದಾರು ಪದಗಳಿಗೆ ಇಳಿಯುತ್ತದೆ, ಆಮೇಲೆ ಒಂದೇ ಪದಕ್ಕೆ, ನಂತರ ಆಸರೆಯಿಲ್ಲದೆ ನಡೆಯಲಾಗುವುದಿಲ್ಲ, ಕೂರಲಾಗುವುದಿಲ್ಲ, ನಗು ಹೋಗುತ್ತದೆ, ಕೊನೆಗೆ ತಲೆ ಎತ್ತಿ ಹಿಡಿಯಲೂ ಆಗುವುದಿಲ್ಲ. ನಡಿಗೆ ಮತ್ತು ಮಾತು ಎರಡೂ ಹೋಗಿರುವುದರ ಜೊತೆಗೆ, ಹಿಂದಿನ ಒಂದು ವರ್ಷದಲ್ಲಿ ಎದೆಯ ಸೋಂಕು, ಆಳವಾದ ಹಾಸಿಗೆ ಹುಣ್ಣು, ಆರು ತಿಂಗಳಲ್ಲಿ ಹತ್ತರಲ್ಲೊಂದು ಪಾಲು ತೂಕ ಇಳಿದಿರುವಂತಹ ಯಾವುದಾದರೊಂದು ಆಗಿರಬೇಕು. ನೀವು ಬರೆದ ವಿವರ ಓದಿದರೆ ನಿಮ್ಮ ತಾಯಿಯವರು ಇಲ್ಲಿದ್ದಿದ್ದರೆ ಬಹುಶಃ ಅರ್ಹರಾಗುತ್ತಿದ್ದರು.

ನಮಗೆ ಸಿಕ್ಕಿದ್ದು: ಆಸ್ಪತ್ರೆಯ ಮಂಚ, ಗಾಳಿ ತುಂಬಿದ ಹಾಸಿಗೆ, ಡಯಾಪರ್, ನೋವಿನ ಔಷಧಿ, ವಾರಕ್ಕೆರಡು ಬಾರಿ ನರ್ಸ್, ಸ್ನಾನ ಮಾಡಿಸಲು ವಾರಕ್ಕೆ ಮೂರು ದಿನ ಒಬ್ಬ ಸಹಾಯಕಿ, ಮತ್ತು ನಮಗೆ ಬಿಡುವು ಬೇಕಾದಾಗ ಐದು ದಿನಗಳವರೆಗೆ ಅತ್ತೆಯವರನ್ನು ಕೇಂದ್ರವೊಂದರಲ್ಲಿ ಇಟ್ಟು ನೋಡಿಕೊಳ್ಳುವ ಅವಕಾಶ. ಸಿಗದೇ ಇದ್ದದ್ದು: ದಿನವಿಡೀ ಜೊತೆಗಿರುವ ಜನ. ನಾನು ಕೆಲಸ ಬಿಟ್ಟೆ. ಹಾಸ್ಪೈಸ್ ಎಂದರೆ ಇಪ್ಪತ್ತನಾಲ್ಕು ಗಂಟೆಯೂ ಯಾರೋ ಬಂದು ಕೂರುತ್ತಾರೆ ಎಂದು ತಿಳಿದು ನಿರಾಶರಾದ ಕನ್ನಡ ಕುಟುಂಬಗಳನ್ನು ನಾನು ಇಲ್ಲಿ ಬಲ್ಲೆ.

ಇನ್ನೊಂದು ಸಂಗತಿ ನಮ್ಮನ್ನು ಬಹಳ ಕಲಕಿತು. ಮೊದಲು 90 ದಿನಗಳ ಎರಡು ಅವಧಿ, ನಂತರ 60 ದಿನಗಳಿಗೊಮ್ಮೆ ಮರುಪರಿಶೀಲನೆ ನಡೆಯುತ್ತದೆ. ಏಳನೆಯ ತಿಂಗಳಲ್ಲಿ ಅತ್ತೆಯವರ ತೂಕ ನಿಂತಲ್ಲೇ ನಿಂತಿದೆ, ಇಳಿತ ಕಾಣುತ್ತಿಲ್ಲ ಎಂದು ಆರೈಕೆಯಿಂದ ಬಿಡುಗಡೆ ಮಾಡಿದರು. ಅವರು ಸುಧಾರಿಸಿದ್ದಾರೆ ಎಂದು ಸಂತೋಷಪಡಬೇಕೋ, ಮಂಚ ಹಿಂತಿರುಗಿಸಬೇಕಲ್ಲ ಎಂದು ಅಳಬೇಕೋ ತಿಳಿಯಲಿಲ್ಲ. ಎರಡು ತಿಂಗಳ ನಂತರ ಜ್ವರ ಬಂದಾಗ ಮತ್ತೆ ಸೇರಿಸಿಕೊಂಡರು. ಡಿಮೆನ್ಷಿಯಾದ ರೋಗಿಗಳಿಗೆ ಹೀಗಾಗುವುದು ಅಪರೂಪವಲ್ಲ, ಅದನ್ನು ಮೊದಲೇ ಹೇಳಿದ್ದರೆ ನಾವು ಅಷ್ಟು ಕುಸಿಯುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೂ ಒಂದು ವರ್ಷದವರೆಗೆ ಸಮಾಲೋಚಕಿಯೊಬ್ಬರು ನನ್ನ ಹೆಂಡತಿಗೆ ಕರೆ ಮಾಡುತ್ತಿದ್ದರು. ಅದೂ ಆರೈಕೆಯ ಭಾಗವೇ ಆಗಿತ್ತು.

ಅಮ್ಮನನ್ನು ಇಲ್ಲಿಗೇ ಕರೆಸಿಕೊಂಡರೆ ಹೇಗೆ ಎಂದು ನಿಮ್ಮ ತಮ್ಮ ಯೋಚಿಸುತ್ತಿದ್ದರೆ, ಸಂದರ್ಶಕರ ವೀಸಾದಲ್ಲಿ ಬಂದ ತಂದೆತಾಯಿಗಳಿಗೆ ಮೆಡಿಕೇರ್ ಇಲ್ಲ. ಗ್ರೀನ್ ಕಾರ್ಡ್, ಅಂದರೆ ಖಾಯಂ ವಾಸದ ಅನುಮತಿ, ಇದ್ದವರೂ ಇಲ್ಲಿ ದುಡಿದ ದಾಖಲೆ ಇಲ್ಲದಿದ್ದರೆ ಐದು ವರ್ಷ ವಾಸವಿದ್ದ ಮೇಲೆ ಹಣ ಕೊಟ್ಟು ಕೊಳ್ಳಬೇಕು.

ಧಾರವಾಡದ ಮಗಳು

ಇಬ್ಬರ ಉತ್ತರವನ್ನೂ ಚಿಕ್ಕಪ್ಪನವರಿಗೆ ಓದಿ ಹೇಳಿದೆ. ಅವರು ಸುಮ್ಮನಾದರು, ಆದರೆ ಒಂದು ಪ್ರಶ್ನೆಯನ್ನು ಮಾತ್ರ ಬಿಡಲಿಲ್ಲ. ಅಮ್ಮ ಈಗ ಮೂರು ನಾಲ್ಕು ಚಮಚೆಯ ನಂತರ ಬಾಯಿ ಮುಚ್ಚಿಬಿಡುತ್ತಾರೆ. ಆಸ್ಪತ್ರೆಯಲ್ಲಿ ಮೂಗಿನ ನಳಿಕೆ ಹಾಕಿ ಕಳುಹಿಸುತ್ತೇವೆ ಎಂದಿದ್ದರು, ನಾನು ಬೇಡ ಎಂದೆ. ಮನೆಯಲ್ಲಿ ಅನ್ನವಿದ್ದೂ ತಾಯಿಯನ್ನು ಹಸಿವಿನಲ್ಲಿ ಕಳುಹಿಸುತ್ತೀಯಾ ಎಂದು ಚಿಕ್ಕಪ್ಪ ಕೇಳಿದ ದಿನದಿಂದ ನನಗೆ ಊಟ ಸೇರುತ್ತಿಲ್ಲ.

ಮೈಸೂರಿನ ಮಗ

ನಾನು ನಳಿಕೆ ಹಾಕಿಸಿದವನು. ಆದ್ದರಿಂದ ನನ್ನ ಅನುಭವವನ್ನು ಹೇಳಬೇಕು. ತಂದೆಯವರು ಒಂದು ವಾರ ಏನೂ ನುಂಗಲಿಲ್ಲ, ಆಸ್ಪತ್ರೆಯಲ್ಲಿ ನಳಿಕೆ ಹಾಕಿದರು, ನಾವು ಒಪ್ಪಿದೆವು. ಆ ಹೊತ್ತಿನಲ್ಲಿ ಮನೆಯ ಎಲ್ಲರಿಗೂ ಸಮಾಧಾನವಾದದ್ದು ಸುಳ್ಳಲ್ಲ. ಆದರೆ ಅವರು ಅದನ್ನು ಕಿತ್ತುಹಾಕುತ್ತಿದ್ದರು, ಮತ್ತೆ ಹಾಕಿಸಲು ಆಂಬುಲೆನ್ಸ್‌ನಲ್ಲಿ ಕರೆದೊಯ್ಯಬೇಕಾಗುತ್ತಿತ್ತು. ಕೊನೆಗೆ ಕೈಗೆ ಬಟ್ಟೆಯ ಗವಸು ಕಟ್ಟಿದೆವು. ಐದು ತಿಂಗಳಲ್ಲಿ ಎರಡು ಬಾರಿ ನ್ಯುಮೋನಿಯಾ ಬಂತು. ನಳಿಕೆ ಇದ್ದರೆ ಅನ್ನ ಶ್ವಾಸಕೋಶಕ್ಕೆ ಹೋಗುವುದಿಲ್ಲ ಎಂದು ನಾವು ನಂಬಿದ್ದೆವು, ಅದು ತಪ್ಪಾಗಿತ್ತು. ಇಷ್ಟಾದರೂ ಆ ನಿರ್ಧಾರಕ್ಕಾಗಿ ನನ್ನನ್ನಾಗಲಿ ಅಮ್ಮನನ್ನಾಗಲಿ ನಾನು ದೂರುವುದಿಲ್ಲ, ಏಕೆಂದರೆ ಆ ದಿನ ನಮ್ಮ ಮುಂದೆ ಇನ್ನೊಂದು ದಾರಿಯಿದೆ ಎಂದು ಯಾರೂ ಹೇಳಲಿಲ್ಲ. ಸಹೋದರಿ, ನಿಮಗೆ ಹೇಳಿದ್ದಾರೆ.

ನನಗೆ ಇಂದಿಗೂ ಕಾಡುವುದು ಬೇರೆಯದು. ನಳಿಕೆ ಬಂದ ಮೇಲೆ ಅವರ ಬಾಯಿಗೆ ರುಚಿಯೇ ತಲುಪಲಿಲ್ಲ. ಅದಕ್ಕೂ ಮೊದಲು ಬಾಳೆಹಣ್ಣಿನ ರಸಾಯನ ನಾಲಿಗೆಗೆ ತಾಗಿದರೆ ಕಣ್ಣು ಅರಳಿಸುತ್ತಿದ್ದರು.

ನಿವೃತ್ತ ಶುಶ್ರೂಷಕಿ, ಬೆಂಗಳೂರು

ಮೈಸೂರಿನವರು ಬರೆದದ್ದಕ್ಕೆ ಕೃತಜ್ಞತೆಗಳು. ಅಮೆರಿಕದ ವೃದ್ಧರೋಗ ತಜ್ಞರ ಸಂಘವು 2014ರಲ್ಲಿ ಹೊರಡಿಸಿದ ನಿಲುವಿನಲ್ಲಿ, ಮುಂದುವರಿದ ಡಿಮೆನ್ಷಿಯಾದಲ್ಲಿ ನಳಿಕೆಯ ಮೂಲಕ ಉಣಿಸುವುದನ್ನು ಶಿಫಾರಸು ಮಾಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಕೈಯಿಂದ ಎಚ್ಚರಿಕೆಯಲ್ಲಿ ಉಣಿಸುವುದು ಸಾವು, ನ್ಯುಮೋನಿಯಾ, ನೆಮ್ಮದಿ ಇವೆಲ್ಲದರ ದೃಷ್ಟಿಯಿಂದ ನಳಿಕೆಗೆ ಕಡಿಮೆಯಿಲ್ಲ. ತಳಮಳ, ಕಟ್ಟಿಹಾಕುವಿಕೆ, ಹಾಸಿಗೆ ಹುಣ್ಣು ನಳಿಕೆಯಿಂದ ಹೆಚ್ಚುತ್ತವೆ.

ಚಿಕ್ಕಪ್ಪನವರಿಗೆ ವೈದ್ಯಶಾಸ್ತ್ರದ ಮಾತಿಗಿಂತ ನಮ್ಮ ಹಿರಿಯರ ಮಾತನ್ನೇ ನೆನಪಿಸಿ. ನಮ್ಮ ಅಜ್ಜಿಯಂದಿರು ಊರಿನ ಮುದುಕರೊಬ್ಬರ ಬಗ್ಗೆ ‘ಅನ್ನ ನೀರು ಬಿಟ್ಟಿದ್ದಾರೆ’ ಎನ್ನುತ್ತಿದ್ದರು. ಆ ಮಾತಿನಲ್ಲಿ ಬಿಟ್ಟವರು ಹೊರಟವರು, ಮನೆಯವರಲ್ಲ. ಅನ್ನ ಬಿಟ್ಟದ್ದರಿಂದ ಜೀವ ಹೋಗುತ್ತಿದೆ ಎಂದು ಅವರು ತಿಳಿಯುತ್ತಿರಲಿಲ್ಲ. ಜೀವ ಹೊರಡುತ್ತಿರುವುದರಿಂದ ದೇಹ ಅನ್ನವನ್ನು ಬಿಡುತ್ತಿದೆ ಎಂದು ಅವರಿಗೆ ಗೊತ್ತಿತ್ತು, ಮತ್ತು ಇಂದಿನ ವೈದ್ಯಕೀಯ ತಿಳಿವಳಿಕೆಯೂ ಅದೇ ಆಗಿದೆ.

ಆದರೆ ಉಣಿಸುವುದನ್ನು ನಿಲ್ಲಿಸಬೇಡಿ. ಬೆನ್ನಿಗೆ ದಿಂಬು ಕೊಟ್ಟು ಸಾಧ್ಯವಾದಷ್ಟು ನೇರವಾಗಿ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ. ಟೀ ಚಮಚೆಯ ಅರ್ಧದಷ್ಟು ಕೊಟ್ಟು ಗಂಟಲು ಮೇಲೆ ಕೆಳಗೆ ಆಡುವುದನ್ನು ನೋಡಿ, ಆಮೇಲೆ ಮುಂದಿನ ಚಮಚೆ. ನೀರಿಗಿಂತ ದಪ್ಪನೆಯ ರಾಗಿ ಅಂಬಲಿ ಅಥವಾ ಗಂಜಿಯನ್ನು ನುಂಗುವುದು ಅವರಿಗೆ ಸಾಮಾನ್ಯವಾಗಿ ಸುಲಭ. ಮುಗಿದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಕೆಮ್ಮಿದರೆ ನಿಲ್ಲಿಸಿ, ಮುಖ ತಿರುಗಿಸಿದರೆ ನಿಲ್ಲಿಸಿ, ಒಂದು ಗಂಟೆ ಬಿಟ್ಟು ಮತ್ತೆ ಕೇಳಿ. ಒಂದು ಊಟಕ್ಕೆ ನಲವತ್ತು ನಿಮಿಷ ಹಿಡಿಯಬಹುದು. ಮೂರು ಚಮಚೆ ಹೋದರೂ ಆ ಹೊತ್ತಿನ ಊಟ ಆಯಿತೆಂದೇ ತಿಳಿಯಿರಿ.

ಹಾಸಿಗೆ ಹುಣ್ಣಿಗೆ ಗಾಳಿ ಹಾಸಿಗೆ ಸಾಕು ಎಂದುಕೊಳ್ಳಬೇಡಿ, ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಲೇಬೇಕು.

ಹುಬ್ಬಳ್ಳಿಯ ವಕೀಲ

ಕಾನೂನಿನ ಬಗ್ಗೆ ಒಂದು ವಿವರಣೆ ಬೇಕೆನಿಸಿತು, ಏಕೆಂದರೆ ಇಂತಹ ಕುಟುಂಬಗಳು ನನ್ನ ಬಳಿ ಭಯದಿಂದ ಬರುತ್ತವೆ. ಅಮ್ಮನನ್ನು ಮನೆಯಲ್ಲೇ ಇಟ್ಟುಕೊಂಡು ನೋವು ತಗ್ಗಿಸುವ ಚಿಕಿತ್ಸೆ ಕೊಡಿಸುವುದಕ್ಕೆ ಯಾವ ಮಂಡಳಿಯ ಅನುಮತಿಯೂ ಬೇಕಿಲ್ಲ. ಅನುಮತಿಯ ಪ್ರಶ್ನೆ ಬರುವುದು, ಆಸ್ಪತ್ರೆಯಲ್ಲಿ ವೆಂಟಿಲೇಟರಿನಂತಹ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಬೇಕೆಂದಾಗ. 2018ರ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯವು ಘನತೆಯಿಂದ ಸಾಯುವ ಹಕ್ಕನ್ನು ಮಾನ್ಯ ಮಾಡಿತು. 2023ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿ, ಆಸ್ಪತ್ರೆಯಲ್ಲಿ ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಂದರ ನಂತರ ಒಂದು ಸಾಧ್ಯವಾದಷ್ಟು 48 ಗಂಟೆಗಳೊಳಗೆ ಅಭಿಪ್ರಾಯ ಕೊಡಬೇಕೆಂದಿತು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿದೆ. ಮುಂಗಡ ನಿರ್ದೇಶನ, ಅಂದರೆ ಮುಂದೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬ ಪತ್ರ, ಬರೆದಿಡುವವರು ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬೇಕು. ಆದರೆ ಬುದ್ಧಿ ಸ್ವಸ್ಥವಾಗಿರುವಾಗಲೇ ಬರೆಯಬೇಕು. ನಿಮ್ಮ ತಾಯಿಯವರ ವಿಷಯದಲ್ಲಿ ಆ ಕಾಲ ಮೀರಿದೆ. ಈಗಷ್ಟೇ ಮರೆವು ಪತ್ತೆಯಾಗಿರುವ ಹಿರಿಯರಿರುವ ಮನೆಯವರು ದಯವಿಟ್ಟು ಮುಂದೂಡಬೇಡಿ.

ಮನೆಯಲ್ಲಿ ಸಾವು ಸಂಭವಿಸಿದರೆ ಪ್ರಮಾಣಪತ್ರ ಸಿಗುವುದಿಲ್ಲವೆಂದು ಹೆದರಿ ಕೊನೆಯ ಗಂಟೆಯಲ್ಲಿ ಆಸ್ಪತ್ರೆಗೆ ಓಡುವವರಿದ್ದಾರೆ. ನೋಡುತ್ತಿದ್ದ ವೈದ್ಯರು ನಮೂನೆ 4ಎಯಲ್ಲಿ ಸಾವಿನ ಕಾರಣ ಬರೆದುಕೊಡುತ್ತಾರೆ, 21 ದಿನಗಳೊಳಗೆ ನೋಂದಣಿ ಮಾಡಿಸಿದರಾಯಿತು. ನಿಮ್ಮ ಕುಟುಂಬದ ವೈದ್ಯರು ಇದಕ್ಕೆ ಸಿದ್ಧರಿದ್ದಾರೆಯೇ ಎಂದು ಈಗಲೇ ಕೇಳಿಟ್ಟುಕೊಳ್ಳಿ.

ಧಾರವಾಡದ ಮಗಳು

ಕುಟುಂಬದ ವೈದ್ಯರು ಒಪ್ಪಿದ್ದಾರೆ. ಇಲ್ಲಿಯ ಆಸ್ಪತ್ರೆಯ ಉಪಶಾಮಕ ಆರೈಕೆಯ ವೈದ್ಯೆಯೊಬ್ಬರು ಹದಿನೈದು ದಿನಕ್ಕೊಮ್ಮೆ ಬರುವುದಾಗಿ, ನಡುವೆ ಫೋನಿನಲ್ಲಿ ಸಿಗುವುದಾಗಿ ಹೇಳಿದ್ದಾರೆ. ಉಸಿರಾಟ ಕಷ್ಟವಾದರೆ ಸಣ್ಣ ಪ್ರಮಾಣದಲ್ಲಿ ಮಾರ್ಫಿನ್ ಎಂಬ ಬಲವಾದ ನೋವಿನ ಔಷಧಿ ಕೊಡಬೇಕಾಗಬಹುದು ಎಂದರು. ಅದರ ಬಗ್ಗೆ, ಮತ್ತು ಕೊನೆಯ ದಿನಗಳು ಹೇಗಿರುತ್ತವೆ ಎಂಬುದರ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಿ. ತಮ್ಮನೂ ಈಗ ಇದನ್ನು ಓದುತ್ತಿದ್ದಾನೆ.

ನಿವೃತ್ತ ಶುಶ್ರೂಷಕಿ, ಬೆಂಗಳೂರು

ಸರಿಯಾದ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ, ಏದುಸಿರಿನ ಭಯವನ್ನು ಕಳೆಯುತ್ತದೆ. ಅದರಿಂದ ಮಲಬದ್ಧತೆ ಖಂಡಿತ ಆಗುತ್ತದೆ, ಆದ್ದರಿಂದ ಮೊದಲ ದಿನದಿಂದಲೇ ಜೊತೆಗೆ ಮಲ ಸಡಿಲಗೊಳಿಸುವ ಔಷಧಿ ಬರೆಸಿಕೊಳ್ಳಿ. ಮಾದಕ ವಸ್ತುಗಳ ಕಾನೂನಿಗೆ 2014ರಲ್ಲಿ ತಂದ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಅದು ಸಿಗುವುದು ಮೊದಲಿಗಿಂತ ಸುಲಭವಾಗಿದೆ, ಆದರೂ ಅಗತ್ಯ ಬೀಳುವ ಮೊದಲೇ ಎಲ್ಲಿ ಸಿಗುತ್ತದೆ ಎಂದು ವೈದ್ಯೆಯವರಲ್ಲಿ ಕೇಳಿಕೊಳ್ಳಿ.

ಕೊನೆಯ ದಿನಗಳಲ್ಲಿ ಹೆಚ್ಚು ಹೊತ್ತು ನಿದ್ದೆಯಲ್ಲಿರುತ್ತಾರೆ. ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾಗುತ್ತದೆ. ಪಾದ, ಅಂಗೈ ತಣ್ಣಗಾಗುತ್ತವೆ, ಮೊಣಕಾಲಿನ ಬಳಿ ಚರ್ಮ ನೀಲಿಗಟ್ಟಿದಂತೆ ಕಾಣುತ್ತದೆ. ಉಸಿರು ಜೋರಾಗಿ ಏರಿ, ಇಳಿದು, ಕೆಲವು ಕ್ಷಣ ನಿಂತು, ಮತ್ತೆ ಆರಂಭವಾಗುತ್ತದೆ. ಗಂಟಲಲ್ಲಿ ಗೊರಗೊರ ಶಬ್ದ ಬರಬಹುದು. ಕೇಳುವವರಿಗೆ ಅದು ಭಯಂಕರ, ಆದರೆ ಆ ಹೊತ್ತಿಗೆ ಅವರಿಗೆ ಅದರ ಅರಿವು ಇರುವುದಿಲ್ಲವೆಂದೇ ನಮ್ಮ ತಿಳಿವಳಿಕೆ. ಒಂದು ಮಗ್ಗಲಿಗೆ ತಿರುಗಿಸಿ ಮಲಗಿಸಿದರೆ ಶಬ್ದ ತಗ್ಗುತ್ತದೆ. ಯಂತ್ರದಿಂದ ಕಫ ಎಳೆಯಲು ಹೋಗಬೇಡಿ.

ನಮ್ಮ ಮನೆಗಳಲ್ಲಿ ಬಾಯಿಗೆ ಗಂಗೆ ಬಿಡುವ ಪದ್ಧತಿ ಇದೆ, ಬಂದ ನೆಂಟರೆಲ್ಲ ಒಂದೊಂದು ಉದ್ಧರಣೆ ಬಿಡುತ್ತಾರೆ. ಅದನ್ನು ಬೇಡವೆನ್ನುವ ಅಗತ್ಯವಿಲ್ಲ. ಸ್ವಚ್ಛವಾದ ಹತ್ತಿಯನ್ನು ಆ ನೀರಿನಲ್ಲಿ ಅದ್ದಿ, ಹಿಂಡಿ, ತುಟಿಗೂ ನಾಲಿಗೆಗೂ ಸವರಲಿ. ಒಣಗಿದ ಬಾಯಿಗೆ ಅದೇ ಒಳ್ಳೆಯ ಆರೈಕೆ, ಗಂಟಲಿಗೆ ನೀರು ಸಿಕ್ಕಿಕೊಳ್ಳುವುದೂ ತಪ್ಪುತ್ತದೆ. ನಾನು ಹೋದ ಮನೆಗಳಲ್ಲಿ ಹೀಗೆ ಹೇಳಿದಾಗ ಯಾವ ಹಿರಿಯರೂ ಬೇಸರಪಟ್ಟದ್ದಿಲ್ಲ.

ನಿಮ್ಮ ತಮ್ಮನಿಗೆ: ನಾನು ಈಗ ಬರೆದ ಚಿಹ್ನೆಗಳು ಕಾಣಿಸಿಕೊಂಡ ಮೇಲೆ ಹೊರಟರೆ ಬಹುಶಃ ತಲುಪಲಾರಿರಿ. ಅವು ಬರುವುದು ಮುಂದಿನ ತಿಂಗಳೋ ಮುಂದಿನ ವರ್ಷವೋ ಯಾರೂ ಹೇಳಲಾರರು. ಆದ್ದರಿಂದ ಕೊನೆಯ ಗಳಿಗೆಗಾಗಿ ರಜೆ ಉಳಿಸಿಟ್ಟುಕೊಳ್ಳಬೇಡಿ. ಅಮ್ಮ ಇನ್ನೂ ಧ್ವನಿ ಬಂದ ಕಡೆಗೆ ಕಣ್ಣು ಹೊರಳಿಸುತ್ತಿರುವಾಗ ಬನ್ನಿ, ಹತ್ತು ದಿನ ಇದ್ದು ಅಕ್ಕನ ಜೊತೆ ಸರದಿಯಲ್ಲಿ ಉಣಿಸಿ. ಅಕ್ಕ ಆ ಹತ್ತು ರಾತ್ರಿಗಳಲ್ಲಿ ನಿದ್ದೆ ಮಾಡಲಿ.

ಧಾರವಾಡದ ಮಗಳು

ತಮ್ಮ ಮುಂದಿನ ಶುಕ್ರವಾರಕ್ಕೆ ಟಿಕೆಟ್ ಮಾಡಿಸಿದ್ದಾನೆ. ಅರ್ಧ ಚಮಚೆ ಎಂದರೆ ಎಷ್ಟು ಎಂದು ವಿಡಿಯೋ ಕರೆಯಲ್ಲಿ ತೋರಿಸು ಎಂದು ಕೇಳಿದ. ಇಂದು ಬೆಳಿಗ್ಗೆ ತೋರಿಸಿದೆ; ಅಮ್ಮ ಆರು ಚಮಚೆ ಅಂಬಲಿ ತೆಗೆದುಕೊಂಡರು.